ಶೋಕೇಸಿನ್ಯಾಗ ಇಡಬ್ಯಾಡ್ರಿ

ಈ ಸಲ ಅಡಗಿ ಬಗ್ಗೆ ಬರಿಯಂಗಿಲ್ಲ. ಹೋದ ಸಲ ಮೆಂತೆ ಹಿಟ್ಟಿನ ಬಗ್ಗೆ ಬರದಾಗ ಭಾಳ ಛೊಲೊ ಬರದಿ ಅಂತ ಎಲ್ಲಾರೂ ಫೋನ್ ಮಾಡಿದ್ರಿ. ಈ ಸಲ ಸಿಟ್ಟಿಗೆದ್ದು ಫೋನ್ ಮಾಡೋವ್ರು ಇದ್ದೀರಿ, ಮಾಡ್ರಿ. ವೈನ್ಯಾರ, ಕಾಕುಗೋಳ, ನಮ್ಮ ಓಣಿ ಅಕ್ಕಂದಿರ, ಇವತ್ತ ನಾ ನಿಮ್ಮ ಜೋಡಿನ ಜಗಳಾ ತಗದೇನಿ. ಜಗಳದ ವಿಷಯ ಮಣ್ಣಿನ ಕಪ್ಪು.

ನನ್ನ ತಂಗಿ ಮಗಳು ಧಾರವಾಡದಾಗ ಮನಿ ಹಿಂದಿನ ಪತ್ರಾಸ ಶೆಡ್ಡಿನ್ಯಾಗ ಸಿರಾಮಿಕ್ ಸಾಮಾನ ಮಾಡ್ತಾಳ ಅನ್ನೋದು ನಿಮಗೆಲ್ಲಾ ಗೊತ್ತದ. ಚಹಾದ ಕಪ್ಪು, ಸಾರಿನ ವಾಟಗಾ, ಮಸರಿನ ಬಟ್ಲ, ಉಪ್ಪಿನಕಾಯಿ ಭರಣಿ, ಊಟದ ತಾಟು. ಎಲ್ಲಾ ದಿನಾ ಬಳಸೋ ಸಾಮಾನ. ಗೊಂಬಿ, ಫ್ಲವರ್‌ಪಾಟು ಮಾಡಂಗಿಲ್ಲ. ಅಕಿ ಸಾಮಾನದ ಮ್ಯಾಲೆ ನಮ್ಮ ಹಿತ್ತಲಾನ ಕಾಣ್ತದ. ಔಡಲ ಎಲಿ ನರ ಮೂಡಿದ ತಾಟು, ಪ್ಯಾರಲ ಎಲಿ ಬೆನ್ನಿನ ಹಂಗ ಬೂದಿ-ಹಸರ ಬಣ್ಣದ ವಾಟಗಾ, ಹೀರಿಕಾಯಿ ಗೀರಿನಂಗ ಗೀರು ಇದ್ದ ಕಪ್ಪು. ಹೀರಿಕಾಯಿ ಕಪ್ಪು ಕೈಯಾಗ ಹಿಡದ್ರ ಜಾರಂಗಿಲ್ಲ, ಅದಕ್ಕ ಮಾಡೇನಿ ಮೌಶಿ ಅಂತಾಳ. ಬರೇ ಛಂದಕ್ಕ ಅಂತ ಒಂದು ಗೀರನೂ ಹಾಕಂಗಿಲ್ಲ ಅಕಿ.

ಶ್ರಾವಣದಾಗ ನಮ್ಮ ಮನ್ಯಾಗ ಅರಿಷಿಣ-ಕುಂಕುಮಕ್ಕ ನೀವೆಲ್ಲಾ ಬಂದಾಗ ಪಡಸಾಲ್ಯಾಗ ಟೇಬಲ್ ಮ್ಯಾಲೆ ಆ ಸಾಮಾನ ಇಟ್ಟಿದ್ಲು. ನಾ ಅಡಗಿಮನ್ಯಾಗ ಇದ್ದರೂ ನನ್ನ ಕಿವಿ ಪಡಸಾಲ್ಯಾಗ ಇರ್ತಾವ. ನೀವು ಅಂದ ಮಾತೆಲ್ಲಾ ಕೇಳೇನಿ. "೬೫೦? ಒಂದು ಕಪ್ಪಿಗೆ? ಅಷ್ಟರಾಗ ಸ್ಟೀಲಿನ್ವು ಒಂದು ಡಜನ್ ಬರ್ತಾವಲ್ಲವಾ." "ಮಣ್ಣ ಅಲ್ಲೇನು, ಮಣ್ಣಿಗೇನ ಖರ್ಚು?" "ಮೂರು ತಗೋತೀನಿ, ಸಾವಿರಕ್ಕ ಕೊಟ್ಟಬಿಡು." "ಭಾಳ ಛಂದ ಅವ, ಒಯ್ದು ಶೋಕೇಸಿನ್ಯಾಗ ಇಡ್ತೀನಿ."

ಈ ಕಡೀ ಮಾತಿಗೇನ ನಂಗ ಎಲ್ಲಾಕಿಂತ ಹೆಚ್ಚು ಸಿಟ್ಟು ಬಂದದ್ದು. ಆದ್ರ ಮೊದಲು ರೊಕ್ಕದ್ದು ಮುಗಸೋಣ.

ಮಣ್ಣಿಗೇನ ಖರ್ಚು ಅಂತೀರಲ್ಲಾ, ಗೋದಿಗೇನ ಖರ್ಚು ಅಂತ ಯಾರರೆ ನಿಮಗ ಅಂದ್ರ ಏನಂತೀರಿ? ಗೋದಿ ತಾನ ಎದ್ದು ಬಂದು ಚಪಾತಿ ಆಗ್ತದೇನು? ಅಕಿ ಮಣ್ಣು ನಾದೋದನ್ನ ಒಂದು ಸಲ ನೋಡ್ರಿ. ಕಣಕಾ ನಾದಿಧಂಗನ, ಆದ್ರ ಎರಡೂ ಅಂಗೈ ಊರಿ, ಸೊಂಟದ ಭಾರಾ ಹಾಕಿ. ಒಳಗ ಒಂದು ಗಾಳಿ ಗುಳ್ಳಿ ಉಳದ್ರೂ ಚಕ್ರದ ಮ್ಯಾಲೆ ಕೈ ಓಡಂಗಿಲ್ಲ. ಆಮ್ಯಾಲೆ ಚಕ್ರದ ನಡುವ ಮಣ್ಣಿನ ಮುದ್ದಿ ಅಲಗದಂಗ ಕೂಡಸಬೇಕು. ಇದೊಂದ ಕಲೀಲಿಕ್ಕೆ ಅಕಿಗೆ ತಿಂಗಳ ಗಟ್ಟಲೆ ಹಿಡೀತು. ಎಳದು ಕಪ್ಪು ಮಾಡಿ ಇಳಸಿದ ಮ್ಯಾಲೆ ಕೆಲಸ ಮುಗೀತು ಅಂದ್ಕೋಬ್ಯಾಡ್ರಿ. ಮರದಿನಾ, ಚಪ್ಪಲಿ ತೊಗಲಿನಷ್ಟು ಗಟ್ಟಿ ಆದಾಗ, ತಿರುವಿ ಇಟ್ಟು ಬುಡಾ ಕೆತ್ತಬೇಕು, ಹಿಡಿಕಿ ಹಚ್ಚಬೇಕು. ಕಪ್ಪು ಒಣಗಿ ಹಿಡಿಕಿ ಹಸಿ ಇದ್ರ ಹಚ್ಚಿದಲ್ಲೇ ಬಿರೀತದ. ಹಪ್ಪಳಾ ಬಿಸಲಾಗ ಒಣಗಸ್ತೀವಿ, ಇದನ್ನ ನೆರಳಾಗ ಒಣಗಸಬೇಕು, ಮ್ಯಾಲೆ ಪ್ಲಾಸ್ಟಿಕ್ ಹಾಳಿ ಮುಚ್ಚಿ, ದಿನಾ ಇಷ್ಟಿಷ್ಟ ಸರಸಗೋತ. ಮಳಿಗಾಲದಾಗ ಧಾರವಾಡದ ಹವಾ ಗೊತ್ತಲ್ಲ, ಒಂದು ವಾರಾದ್ರೂ ಒಣಗಂಗಿಲ್ಲ.

ಒಣಗಿದ್ದನ್ನ ಭಟ್ಟಿಯೊಳಗ ಒಂದು ಸಲ ಸುಮಾರು ೧೦೦೦ ಡಿಗ್ರಿಗೆ ಸುಡಬೇಕು. ತಣ್ಣಗಾದ ಮ್ಯಾಲೆ ತಗದು, ಒರಸಿ, ಗ್ಲೇಜ್ ಅನ್ನೋ ಗಂಜಿಯೊಳಗ ಅದ್ದಬೇಕು. ಅದು ಬಣ್ಣ ಅಲ್ರಿ. ಕಲ್ಲಿನ ಪುಡಿ, ಸುಣ್ಣದ ಪುಡಿ, ಚೀನಿಮಣ್ಣು ಕೂಡಿಸಿ ನೀರಾಗ ಕದಡಿದ್ದು. ಅದರಾಗ ಕಬ್ಬಿಣದ ತುಕ್ಕಿನಂಥಾದ್ದು ಬಿದ್ರ ಜೇನತುಪ್ಪದ ಬಣ್ಣಾ, ತಾಮ್ರದ್ದು ಬಿದ್ರ ಹಸರು, ಕೋಬಾಲ್ಟ್ ಬಿದ್ರ ನೀಲಿ. ಮತ್ತ ಎರಡನೇ ಸಲ ಸುಡೋದು, ಈ ಸಲ ೧೨೦೦ ಡಿಗ್ರಿ ಮ್ಯಾಲೆ. ನಾವು ಪುರಿ ಕರಿಯೋ ಎಣ್ಣಿ ೨೦೦ ಡಿಗ್ರಿ ದಾಟಂಗಿಲ್ಲ. ಬಂಗಾರ ಕರಗೋದು ೧೦೬೪ಕ್ಕ. ಅಂದ್ರ ಅಕಿ ಭಟ್ಟಿಯೊಳಗ ನಿಮ್ಮ ಪಾಟ್ಲಿ ಇಟ್ರ ನೀರಾಗಿ ಹರೀತಾವ. ಆ ಬೆಂಕಿಗೆ ಗ್ಲೇಜಿನ ಕಲ್ಲು ಕರಗಿ ಗಾಜಾಗಿ ಕಪ್ಪಿಗೆ ಅಂಟ್ತದ, ಮಣ್ಣೂ ಬಿಗಿಯಾಗಿ ಕಲ್ಲಿನಂಗ ಆಗ್ತದ. ಅದಕ್ಕ ಇದಕ್ಕ ಸ್ಟೋನ್‌ವೇರ್ ಅಂತಾರ. ಭಟ್ಟಿ ಏರಲಿಕ್ಕೆ ಒಂದು ದಿನಾ, ಇಳೀಲಿಕ್ಕೆ ಒಂದು ದಿನಾ. ನಡುವ ಕರೆಂಟ್ ಹೋತಂದ್ರ ದೇವರ ಗತಿ. ಎಲ್ಲಾ ಸುಸೂತ್ರ ಆದ್ರೂ ಕಪ್ಪು ಹತ್ತು ಹನ್ನೆರಡು ಪರ್ಸೆಂಟ್ ಕುಗ್ಗಿರ್ತದ, ಅಂದ್ರ ಹಸಿ ಇದ್ದಾಗ ೧೦ ಸೆಂಟಿಮೀಟರ್ ಎತ್ತರ ಮಾಡಿದ್ದು ಸುಟ್ಟ ಮ್ಯಾಲೆ ೯ರ ಆಸುಪಾಸು. ಹಿಡಿಕಿಯೊಳಗ ಬೆರಳು ಹೋಗಬೇಕಂದ್ರ ಮೊದಲ ಆ ಲೆಕ್ಕಾ ಹಿಡದು ದೊಡ್ಡದು ಮಾಡಬೇಕು. ಹತ್ತು ಕಪ್ಪು ಚಕ್ರದಿಂದ ಇಳದ್ರ ಮಾರಾಟಕ್ಕ ಹೋಗೋವು ಏಳು ಇಲ್ಲಾ ಎಂಟು. ಉಳದವು ಬಿರದಿರ್ತಾವ, ಸೊಟ್ಟ ಆಗಿರ್ತಾವ, ಇಲ್ಲಾ ಗ್ಲೇಜ್ ಹರದು ಭಟ್ಟಿ ಹಲಗಿಗೆ ಅಂಟಿರ್ತಾವ.

ಅಕಿ ಒಂದು ವಹಿಯೊಳಗ ಖರ್ಚೆಲ್ಲಾ ಬರದಿಟ್ಟಾಳ. ಮಣ್ಣು, ಗ್ಲೇಜು, ಕರೆಂಟ್ ಬಿಲ್ಲು, ಒಡದದ್ದು, ಪ್ಯಾಕಿಂಗು, ಭಟ್ಟಿ ಸಾಲದ ಕಂತು, ಎಲ್ಲಾ ಕಳದ್ರ ೬೫೦ರ ಕಪ್ಪಿನ್ಯಾಗ ಅಕಿ ಕೈಗೆ ಉಳಿಯೋದು ೨೦೦ರಿಂದ ೨೨೫. ನೀವು ಮೂರಕ್ಕ ಸಾವಿರ ಅಂದಿದ್ರಲ್ಲಾ ವೈನಿ, ಆ ಲೆಕ್ಕದಾಗ ಕಪ್ಪಿಗೆ ೩೩೩ ಆತು. ಅಕಿ ತನ್ನ ಗಂಟಿನಿಂದ ನಿಮಗ ರೊಕ್ಕಾ ಕೊಟ್ಟಂಗ ಆತು.

ಇನ್ನ ಸ್ಟೀಲಿನ್ವು ಡಜನ್ ಬರ್ತಾವ ಅನ್ನೋ ಮಾತು. ಬರ್ತಾವ. ತಗೋರಿ. ಸ್ಟೀಲ್ ಛೊಲೊ ಸಾಮಾನ, ನನ್ನ ಮನ್ಯಾಗೂ ತುಂಬಿ ತುಳುಕ್ತಾವ. ಬ್ಯಾಡಾದ್ರ ತಗೋಬ್ಯಾಡ್ರಿ, ಅದಕ್ಕ ನನ್ನ ತಕರಾರಿಲ್ಲ. ಆದ್ರ ಕೈಯಾಗ ಹಿಡದು, ತಿರುವಿ ನೋಡಿ, ಛಂದ ಅದ ಅಂತ ಹೇಳಿ, ಆಮ್ಯಾಲೆ ಮಾಡಿದಾಕಿ ಮಾರಿ ಮುಂದ "ಇಷ್ಟ್ಯಾಕ" ಅಂತ ಕೇಳೋದದ ನೋಡ್ರಿ, ಅದಕ್ಕ ನನ್ನ ತಕರಾರು. ಅದೂ ಯಾರು ಕೇಳೋದು? ನಾವು! ಬೆಳಿಗ್ಗೆ ಐದಕ್ಕ ಎದ್ದು ರಾತ್ರಿ ಹತ್ತರ ತನಕ ದುಡದು, ಸಂಜಿಮುಂದ "ನೀ ಮನ್ಯಾಗ ಇಡೀ ದಿನಾ ಏನ ಮಾಡ್ತಿ" ಅಂತ ಅನಿಸಿಕೊಂಡು ಬಂದ ಹೆಣ್ಣಮಕ್ಕಳು. ಹೋಳಿಗಿ ಮಾಡಿದಾಗ ಬ್ಯಾಳಿ-ಬೆಲ್ಲದ ರೇಟ್ ಎಲ್ಲಾರೂ ಹೇಳ್ತಾರ, ಹೂರಣಾ ಅರದ ರಟ್ಟಿದು ಯಾರೂ ಹೇಳಂಗಿಲ್ಲ. ಇದು ನಮಗ ಚುಚ್ಚತದೋ ಇಲ್ಲೋ? ಮತ್ತ ಅದ ಮಾತನ್ನ ಆ ಹುಡುಗಿಗೆ ಹೆಂಗ ಅಂತೀರಿ? ಮಾಲಿನ್ಯಾಗ ಯಾವುದೋ ಇಂಗ್ಲಿಷ್ ಹೆಸರಿನ ಅಂಗಡ್ಯಾಗ ಮಶೀನಿನ ಕಪ್ಪಿಗೆ ೮೦೦ ಚೀಟಿ ಹಚ್ಚಿದ್ರ ಬಾಯಿ ಮುಚ್ಚಿಕೊಂಡು ಕಾರ್ಡ್ ತಿಕ್ಕತೀವಿ, ಯಾಕಂದ್ರ ಅಲ್ಲಿ ಯಾರ ಮಾರೀನೂ ಕಾಣಂಗಿಲ್ಲ. ಮಾರಿ ಕಂಡಲ್ಲೆ ಚೌಕಾಶಿ.

ನನ್ನ ಸಿಟ್ಟು ಬರೇ ನಮ್ಮ ಹುಡುಗಿ ಸಲುವಾಗಿ ಅಂತ ತಿಳೀಬ್ಯಾಡ್ರಿ. ದೀಪಾವಳಿ ಮುಂದ ಮಾರ್ಕೆಟ್ಟಿನ್ಯಾಗ ಬುಟ್ಟಿ ಇಟಗೊಂಡು ಕೂತ ಕುಂಬಾರ ಮುದುಕಿ ಹತ್ರ ಡಜನ್ ಪಣತಿಗೆ ಹತ್ತು ರೂಪಾಯಿ ಕಡಿಮಿ ಮಾಡಸೋದಕ್ಕ ಕಾಲು ತಾಸು ನಿಲ್ತೀವಲ್ಲಾ, ಅದು ಇನ್ನೂ ಕೆಟ್ಟ. ನಮ್ಮ ಹುಡುಗಿಗೆ ಅಪ್ಪನ ಪೆನ್ಷನ್ ಅದ, ಮನಿ ಸ್ವಂತದ್ದದ. ಆ ಮುದುಕಿಗೆ ಆ ಬುಟ್ಟೀನ ಎಲ್ಲಾ. ಮಣ್ಣೆತ್ತಿನ ಅಮಾವಾಸ್ಯಿಗೆ ಎತ್ತು ಬೇಕು, ನಾಗರ ಪಂಚಮಿಗೆ ಮಣ್ಣಿನ ನಾಗಪ್ಪ ಬೇಕು, ಘಟಸ್ಥಾಪನಾಕ್ಕ ಗಡಗಿ ಬೇಕು, ನಮ್ಮ ಕಡೆ ಎಷ್ಟೋ ಮಂದಿ ಮದುವ್ಯಾಗ ಐರಾಣಿ ಗಡಗಿ ಕುಂಬಾರ ಮನಿಯಿಂದ ಬಾಜಾಬಜಂತ್ರಿ ಜೋಡಿ ಬರಬೇಕು. ಕಡೀಕೆ ಸತ್ತಾಗ ಹೆಗಲ ಮ್ಯಾಲೆ ಹೊತ್ತು ಒಡಿಯೋ ಗಡಗೀನೂ ಅವರದ. ಇಷ್ಟೆಲ್ಲಾ ಬೇಕಾಗಿ, ಹುಡುಗಿಗೆ ವರಾ ನೋಡೋ ಮುಂದ ನಮ್ಮವರ ಪೈಕಿ ಒಬ್ಬಾಕಿ ನನ್ನ ತಂಗಿಗೆ ಏನಂದ್ಲು ಗೊತ್ತೇನು? "ಗಡಗಿ ಮಾಡ್ತಾಳ ಅಂತ ಹೇಳಬ್ಯಾಡ್ರಿ, ಬೀಗರು ಬ್ಯಾರೆ ತಿಳಕೋತಾರ. ಸಿರಾಮಿಕ್ ಡಿಸೈನರ್ ಅನ್ರಿ."

ಏನ ಬ್ಯಾರೆ ತಿಳಕೋತಾರ? ಕುಂಬಾರರಾಕಿ ಅಂತ ತಿಳಕೋತಾರ, ಅಷ್ಟ ಅಲ್ಲ? ತಿಳಕೊಳ್ಳಲಿ. ಅಕಿಗೆ ಚಕ್ರದ ಮ್ಯಾಲೆ ಮಣ್ಣು ಕೂಡಸೋದು ಕಲಿಸಿದಾವ ಒಬ್ಬ ಮುದುಕ ಕುಂಬಾರನ, ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಕಲತಾಳ. ನಮ್ಮ ಬೆಳಗಾವಿ ಜಿಲ್ಲಾದ ಖಾನಾಪುರ ಮಣ್ಣಿನ ಕೆಲಸಕ್ಕ ಹೆಸರಾದ ಊರು, ಖಾದಿ ಗ್ರಾಮೋದ್ಯೋಗ ಆಯೋಗದವರ ಕುಂಬಾರಿಕಿ ಕಲಿಸೋ ಸಂಸ್ಥೆ ಅಲ್ಲೇ ಅದ. ಭಾಲ್ಕಿ ಕಡೆಯ ಕುಂಬಾರ ಗುಂಡಯ್ಯ ಗಡಗಿ ಬಡಿಯೋ ಸಪ್ಪಳಕ್ಕ ಶಿವ ಇಳದು ಬಂದು ಕುಣದಾ ಅಂತ ಹರಿಹರ ರಗಳೆ ಬರದಾನ. ಶಿವ ಕುಣಿಯೋ ಅಂಥಾ ಕೆಲಸ ಬೀಗರಿಗೆ ಕಡಿಮಿ ಆತೇನು? ಅಲ್ಲವಾ, ಕುಂಬಾರ ಮಾಡಿದ್ರ "ಗಡಗಿ", ನಮ್ಮ ಹುಡುಗಿ ಮಾಡಿದ್ರ "ಆರ್ಟು". ಕುಂಬಾರನಿಗೆ ಹತ್ತು ರೂಪಾಯಿ, ನಮ್ಮ ಹುಡುಗಿಗೆ ಪೇಪರಿನ್ಯಾಗ ಫೋಟೋ. ಇದನ್ನ ಅಕಿನ ಒಪ್ಪಂಗಿಲ್ಲ. ನೀರು ತಣ್ಣಗ ಇಡೋ ಗಡಗಿ ಬೇಕಂತ ಅಕಿ ಹತ್ರ ಹೋದ್ರ ಸೀದಾ ಕುಂಬಾರ ಓಣಿ ದಾರಿ ತೋರಸ್ತಾಳ. ಗ್ಲೇಜ್ ಹಾಕಿದ ಸಾಮಾನ ನೀರು ತಣ್ಣಗ ಮಾಡಂಗಿಲ್ಲ, ಅವರ ಗಡಗಿ ಸಣ್ಣಗ ಬೆವತು ನೀರು ತಂಪ ಮಾಡ್ತದ, ಅದು ನನ್ನ ಕೈಲೆ ಆಗಂಗಿಲ್ಲ ಮೌಶಿ ಅಂತಾಳ.

ಇನ್ನ ಮಡಿ ವಿಷಯಕ್ಕ ಬರ್ತೀನಿ. ಇದನ್ನ ಬರದ್ರ ನಮ್ಮ ದೊಡ್ಡ ವೈನಿ ಒಂದು ತಿಂಗಳು ಮಾತಾಡಂಗಿಲ್ಲ, ಆದ್ರೂ ಬರೀತೀನಿ. "ಪಿಂಗಾಣಿ ನಮ್ಮ ಅಡಗಿಮನಿಗೆ ಬರಂಗಿಲ್ಲ, ಮುಸುರಿ ಆದ್ರ ತೊಳದ್ರೂ ಹೋಗಂಗಿಲ್ಲ" ಅಂತ ಹೇಳಿದ್ರಿ. ವೈನಿ, ನಿಮ್ಮ ಅಟ್ಟದ ಮ್ಯಾಲೆ ಸಾಲಾಗಿ ಕೂತ ಉಪ್ಪಿನಕಾಯಿ ಭರಣಿ ಎದರದ್ದು? ಮ್ಯಾಲೆ ಕಂದು, ಕೆಳಗ ಬಿಳಿ, ನಿಮ್ಮ ಅತ್ತಿಯವರ ಕಾಲದ್ದು. ಅದೂ ಮಣ್ಣಿನದ್ದ, ಅದಕ್ಕೂ ಗ್ಲೇಜ್ ಹಾಕಿದ್ದ, ಅದೂ ಇಂಥಾದ್ದ ಭಟ್ಟಿಯೊಳಗ ಸುಟ್ಟದ್ದ. ಸುಡದ್ದು ಸರಿಯಾಗಿ ಆಗದ ಮಣ್ಣು ಎಣ್ಣಿ-ಉಪ್ಪು ಹೀರ್ತದ, ಅದು ಖರೆ. ನಮ್ಮ ಅಜ್ಜಿಗೋಳು ಮಣ್ಣಿನ ಗಡಗಿ ಮುಸುರಿ ಆತು ಅಂತ ಹೊರಗ ಇಡ್ತಿದ್ದದ್ದಕ್ಕ ಅಷ್ಟರ ಅರ್ಥ ಇತ್ತು. ಸ್ಟೋನ್‌ವೇರ್ ಕಲ್ಲಾಗಿರ್ತದ, ಹೀರೋದು ಇಲ್ಲ ಅನ್ನೋವಷ್ಟು ಕಡಿಮಿ. ಕಲ್ಲಿನ ಮರಗಿ ನಿಮ್ಮ ಮಡಿಗೆ ಬರ್ತದಂದ್ರ ಇದೂ ಬರ್ತದ. ದೇವರ ಮನಿಗೆ ಒಯ್ಯಿರಿ ಅಂತ ನಾ ಹೇಳಂಗಿಲ್ಲ. ಮಾವಿನಕಾಯಿ ಉಪ್ಪಿನಕಾಯಿ ಬರೋಬ್ಬರಿ ವರ್ಷ ಇಡೋ ಭಾಂಡಿಗೆ ಇಲ್ಲದ ಮೈಲಗಿ, ಎರಡು ಗುಟುಕು ಚಹಾ ಹಿಡಿಯೋ ಕಪ್ಪಿಗೆ ಎಲ್ಲಿಂದ ಬಂತು ಅಂತಷ್ಟ ಕೇಳ್ತೀನಿ.

ಹುಳಿ ಮಾತು ಬಂದ ಮ್ಯಾಲೆ ಒಂದು ಜರೂರಿ ವಿಷಯ. ಜಾತ್ರಿಯೊಳಗ, ರಸ್ತಾದ ಬಾಜೂಕ ನೂರಕ್ಕ ನಾಲ್ಕು ಅಂತ ಕೆಂಪು-ಹಳದಿ ಮಿರಿಮಿರಿ ಬಟ್ಲ ಸಿಗ್ತಾವಲ್ಲ, ಅದರಾಗ ಹುಣಸಿಹಣ್ಣಿನ ಗೊಜ್ಜು, ನಿಂಬಿಹಣ್ಣಿನ ಉಪ್ಪಿನಕಾಯಿ ಹಾಕೋ ಮೊದಲು ಎರಡು ಸಲ ವಿಚಾರ ಮಾಡ್ರಿ. ಕಡಿಮಿ ಬೆಂಕಿಯೊಳಗ ಗ್ಲೇಜ್ ಕರಗಲಿ ಅಂತ ಸೀಸಾ ಹಾಕೋ ಹಳೇ ಪದ್ಧತಿ ಅದ. ಸೀಸಾ ಅಂದ್ರ ಬಾಟ್ಲಿ ಅಲ್ಲ, ಲೋಹದ ಸೀಸಾ, ಇಂಗ್ಲಿಷಿನ್ಯಾಗ ಲೆಡ್ ಅಂತಾರ. ಹುಳಿ ತಾಗಿದ್ರ ಅದು ಬಿಟಗೊಂಡು ಊಟದಾಗ ಇಳೀತದ, ಸಣ್ಣ ಮಕ್ಕಳ ಮಿದುಳಿಗೆ ಎಲ್ಲಾಕಿಂತ ಕೆಟ್ಟ. ಇಷ್ಟರ ತನಕ ನಡೀತದ ಅನ್ನೋ ಅಳತಿ ಅದಕ್ಕ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳ್ತಾರ. ನಮ್ಮ ಅವ್ವಂದಿರು ಹಿತ್ತಾಳಿ ಬೋಗೋಣಿಗೆ ಕಲಾಯಿ ಹಾಕಿಸದ ಹುಳಿ ಕುದಸ್ತಿರಲಿಲ್ಲ, ಕಿಲಬ್ತದ ಅಂತ. ಕಲಾಯಿಯವನ್ನ ಕೂಗಿ ನಿಲ್ಲಿಸಿ ತಮ್ಮ ಕಣ್ಣೆದುರಿಗೇನ ಮಾಡಿಸ್ತಿದ್ರು. ಅದ ಪ್ರಶ್ನೆ ಈಗ ಈ ಸಾಮಾನಕ್ಕೂ ಕೇಳಬೇಕು: ಗ್ಲೇಜಿನ್ಯಾಗ ಏನದ, ಎಷ್ಟ ಡಿಗ್ರಿಗೆ ಸುಟ್ಟಾರ? ಲ್ಯಾಬಿನ್ಯಾಗ ಪರೀಕ್ಷಾ ಮಾಡೋವ್ರು ೪ ಪರ್ಸೆಂಟ್ ಅಸಿಟಿಕ್ ಆಸಿಡ್, ಅಂದ್ರ ಹೆಚ್ಚು ಕಡಿಮಿ ವಿನೆಗರಿನಷ್ಟು ಹುಳಿ ನೀರು, ೨೪ ತಾಸು ತುಂಬಿ ಇಟ್ಟು ಏನು ಇಳೀತು ಅಂತ ಅಳೀತಾರ. ನಮ್ಮ ಹುಡುಗಿ ಹೊಸಾ ಗ್ಲೇಜ್ ಮಾಡಿದಾಗೊಮ್ಮೆ ನಿಂಬಿಹಣ್ಣಿನ ಹೋಳು ರಾತ್ರಿಪೂರಾ ಇಟ್ಟು ಬೆಳಿಗ್ಗೆ ಬಣ್ಣಾ ಮಾಸೇದೇನು ನೋಡ್ತಾಳ, ಮಾಸಿದ್ರ ಆ ಗ್ಲೇಜು ಊಟದ ಸಾಮಾನಕ್ಕ ಬಳಸಂಗಿಲ್ಲ. ನಿಂಬಿಹಣ್ಣು ಸೀಸಾ ಅದನೋ ಇಲ್ಲೋ ಅಂತ ಹೇಳಂಗಿಲ್ಲ ಮತ್ತ, ಅದಕ್ಕ ಲ್ಯಾಬೇ ಬೇಕು. ಗ್ಲೇಜು ಗಟ್ಟಿ ಅದನೋ ಇಲ್ಲೋ ಅಷ್ಟ ಗೊತ್ತಾಗ್ತದ. ಅಕಿ ತನ್ನ ಗ್ಲೇಜಿಗೆ ಸೀಸಾ ಹಾಕೋದ ಇಲ್ಲ. ಇದನ್ನ ಕೇಳೋ ಹಕ್ಕು ನಿಮಗದ. "ಎಷ್ಟ ಕಡಿಮಿ ಮಾಡ್ತಿ" ಅಂತ ನಾಲ್ಕು ಸಲ ಕೇಳಿದ್ರಿ, "ಇದರಾಗ ಏನ ಹಾಕಿ" ಅಂತ ಆವತ್ತ ಒಬ್ಬರೂ ಕೇಳಲಿಲ್ಲ ನೋಡ್ರಿ.

ಬೂದಿ ಬಗ್ಗೆ ಹೇಳೋದು ಮರತೆ. ಅಕಿ ಒಂದು ಗ್ಲೇಜಿಗೆ ಕಟಗಿ ಬೂದಿ ಹಾಕ್ತಾಳ. ನೀರು ಕಾಯಿಸೋ ಒಲಿ ಬೂದಿ ಸೋಸಿ, ತೊಳದು, ಒಣಗಿಸಿ. ನಾವು ಅದ ಬೂದಿಲೆ ಭಾಂಡಿ ತಿಕ್ಕಿ ಕೈ ಸವಸಿಕೊಂಡವ್ರು. ಅದರಾಗ ಸುಣ್ಣದ ಅಂಶ ಇರ್ತದಂತ, ದೊಡ್ಡ ಬೆಂಕಿಗೆ ಅದು ಕಲ್ಲಿನ ಪುಡೀನ್ನ ಕರಗಸ್ತದಂತ. ಕಟಗಿ ಭಟ್ಟಿಯೊಳಗಂತೂ ಬೂದಿ ತಾನ ಹಾರಿ ಗಡಗಿ ಮ್ಯಾಲೆ ಬಿದ್ದು ಗಾಜಾಗ್ತದ. ಬೂದಿ ಗ್ಲೇಜಿನ ವಾಟಗಾ ತಿಳಿ ಹಸರು, ಮಜ್ಜಿಗಿ ಹುಳಿ ಹಾಕಿದ್ರ ಭಾಳ ಛಂದ ಕಾಣ್ತದ.

ಈಗ ಶೋಕೇಸು.

ನಮ್ಮ ಮನಿಗಳಾಗ ಶೋಕೇಸ್ ಅನ್ನೋದೊಂದು ಸೆರೆಮನಿ ಅದ. ಮದುವ್ಯಾಗ ಬಂದ ಕಪ್ಪು-ಬಶಿ ಸೆಟ್ಟು, ಮಗನ ಶೀಲ್ಡು, ಸಿಂಗಾಪುರದ ಸಿಂಹ, ತಾಜಮಹಲ್ಲು. ಕಪ್ಪು-ಬಶಿ ಮೂವತ್ತು ವರ್ಷದಿಂದ ಅಲ್ಲೇ ಕೂತಾವ, ಒಂದು ದಿನಾ ಚಹಾ ಮಾರಿ ನೋಡಿಲ್ಲ. ಯಾಕ ತಗೀಲಿಲ್ಲ ಅಂತ ಕೇಳಿದ್ರ "ಮಂದಿ ಬಂದಾಗ." ಮಂದಿ ಬಂದಾಗ "ಇವತ್ತ ಬ್ಯಾಡ, ಒಡದಗಿಡದೀತು." ಮಂದಿಗೂ ಇಲ್ಲ, ನಮಗೂ ಇಲ್ಲ. ಮನಿ ಹೆಣ್ಣಮಗಳು ಮಾತ್ರ ಹಿಡಿಕಿ ಮುರದ ಕಪ್ಪಿನ್ಯಾಗ, ಎಲ್ಲಾರದ್ದೂ ಆದ ಮ್ಯಾಲೆ, ನಿಂತಗೊಂಡು ಆರಿದ ಚಹಾ ಕುಡೀಬೇಕು. ಇದನ್ನ ಓದೋವ್ರೊಳಗ ಹತ್ತಕ್ಕ ಎಂಟು ಮಂದಿ ಇವತ್ತ ಬೆಳಿಗ್ಗೆ ಹಂಗ ಕುಡದೀರಿ, ಇಲ್ಲಾ ಅನ್ರಿ ನೋಡೋಣ.

ದಿನಾ ಬಳಸೋ ಸಾಮಾನದಾಗ ಛಂದ ಇರಬೇಕು, ಛಂದಾಗಿದ್ದನ್ನ ದಿನಾ ಬಳಸಬೇಕು ಅನ್ನೋದಕ್ಕ ಎಷ್ಟು ಮಂದಿ ಜೀವಾ ತೇದಾರ ಕೇಳ್ರಿ. ಇಂಗ್ಲಂಡಿನ್ಯಾಗ ಬರ್ನಾರ್ಡ್ ಲೀಚ್ ಅಂತ ಇದ್ದ, ಜಪಾನಿನ ಹಮಾಡಾ ಅನ್ನೋ ಗೆಳ್ಯಾನ್ನ ಕರಕೊಂಡು ೧೯೨೦ರಾಗ ಸೇಂಟ್ ಐವ್ಸ್ ಅನ್ನೋ ಸಮುದ್ರದ ದಂಡಿ ಊರಾಗ ಭಟ್ಟಿ ಹಾಕಿದಾ. ಅಲ್ಲಿ ಮ್ಯೂಸಿಯಮ್ಮಿಗೆ ಹೋಗೋ ಅಂಥಾದ್ದೂ ಮಾಡಿದ್ರು, ಸೂಪ್ ಬಟ್ಲ, ಜಗ್ಗು, ತಾಟು ಅಂತ ದಿನಾ ಬಳಸೋದನ್ನೂ ಸಾಲಸಾಲಾಗಿ ಮಾಡಿದ್ರು. ನಮ್ಮ ದೇಶದಾಗ ದಿಲ್ಲಿಯ ಗುರ್‌ಚರಣ್ ಸಿಂಗ್ ನೂರು ವರ್ಷದ ಹಿಂದ ಜಪಾನಿಗೆ ಹೋಗಿ ಈ ವಿದ್ಯಾ ಕಲತು ಬಂದ್ರು. ಪುದುಚೇರಿಯೊಳಗ ಗೋಲ್ಡನ್ ಬ್ರಿಜ್ ಪಾಟರಿ ಅದ, ೧೯೭೧ರಾಗ ಡೆಬೊರಾ ಸ್ಮಿತ್, ರೇ ಮೀಕರ್ ಅನ್ನೋ ಅಮೆರಿಕಾದ ದಂಪತಿ ಸುರು ಮಾಡಿದ್ದು. ಈಕಿನೂ ಜಪಾನಿನ್ಯಾಗ ಕಲತಾಕಿ. ಅಲ್ಲಿಂದ ಕಲತು ಹೋದ ಮಂದಿ ಇವತ್ತ ದೇಶದ ತುಂಬ ಇದ್ದಾರ, ಪಾಂಡಿಚೇರಿ ಪಾಟರಿ ಅನ್ನೋದ ಒಂದು ಹೆಸರಾಗಿ ಹೋಗೇದ. ಅಲ್ಲಿಯದೂ ಊಟದ ಸಾಮಾನನ, ತಾಟು, ಬಟ್ಲ, ಕಪ್ಪು. ಇವರೆಲ್ಲಾ ಕಾಜಿನ ಬಾಗಲಾ ಹಾಕಿ ಕೀಲಿ ಜಡೀರಿ ಅಂತ ಮಾಡಿದ್ದಲ್ಲ. ಪಾಪ, ಊಟ ಮಾಡ್ರಿ ಅಂತ ಮಾಡಿದ್ದು.

ಒಡೀತದ ಅಂತೀರಿ. ಒಡೀತದ, ಏನೀಗ? ನಮ್ಮ ಕಾಜಿನ ಬಳಿ ಒಡಿಯಂಗಿಲ್ಲೇನು? ಬಳಿ ಒಡದೀತು ಅಂತ ಬಳಿ ಇಟಗೊಳ್ಳದ ಇರ್ತೀವೇನು? ಮುತ್ತಲ ಎಲಿ ಪತ್ರಾವಳಿ ಒಂದು ಊಟಕ್ಕ ಹಚ್ಚತಿದ್ರು, ಕಡ್ಡಿ ಚುಚ್ಚಿ ಚುಚ್ಚಿ ಒಂದೊಂದು ಹೊತ್ತು ಕೂತು. ಉಂಡ ಮ್ಯಾಲೆ ದನದ ಮುಂದ. ರಂಗೋಲಿ ಮಧ್ಯಾಹ್ನದ ತನಕ ಉಳಿಯಂಗಿಲ್ಲ. ನಮಗ ಹೆಣ್ಣಮಕ್ಕಳಿಗೆ ಇದನ್ನ ಯಾರೂ ಕಲಸಬೇಕಾಗಿಲ್ಲ. ಮತ್ತ ನಮ್ಮ ಅಟ್ಟದ ಮ್ಯಾಲಿನ ಗುಲಾಬಿ ಹೂವಿನ ಚಿತ್ರದ ಪ್ಲಾಸ್ಟಿಕ್ ತಾಟು ಒಡಿಯಂಗಿಲ್ಲ, ಬರೋಬ್ಬರಿ, ಅದರ ಛಂದ ಎಲ್ಲಿ ಹೋತು? ಎರಡು ವರ್ಷಕ್ಕ ಅರಿಷಿಣ ಹಿಡದು, ಹೂವು ಅರ್ಧಾ ಹೋಗಿ, ಎಣ್ಣಿ ಜಿಡ್ಡು ಬಿಡವಲ್ದು.

ಹಂಗಂತ ಮಾಡೋವ್ರನ್ನೂ ನಾ ಸುಮ್ಮನ ಬಿಡಂಗಿಲ್ಲ. ಬಳಸೋ ಸಾಮಾನ ಬಳಸೋ ಸಾಮಾನ ಅಂತ ಕಾರ್ಡಿನ ಮ್ಯಾಲೆ ಬರದು, ಹಿಡಿಕಿಯೊಳಗ ಒಂದು ಬೆರಳೂ ಹೋಗದ ಕಪ್ಪು ಮಾಡ್ತಾರ ಕೆಲವರು. ಬುಡ ಉಜ್ಜದ ಬಿಟ್ಟು ನಮ್ಮ ಟೇಬಲ್ಲಿಗೆ ಗೀರು ಬೀಳಸ್ತಾರ. ಎಲಿ ಆಕಾರ ಅಂತ ಚಪ್ಪಟಿ ತಾಟು ಮಾಡಿದ್ರ ಸಾರು ಎಲ್ಲಿ ನಿಲ್ಲಬೇಕು? ನಮ್ಮ ಊಟ ಇಡ್ಲಿ-ಸ್ಯಾಂಡ್‌ವಿಚ್ ಅಲ್ಲ. ಅನ್ನಾ-ಹುಳಿ ಹರೀತದ, ಅದಕ್ಕ ಒಂದು ಬೆರಳು ಎತ್ತರದ ದಂಡಿ ಬೇಕು. ನಮ್ಮ ಹುಡುಗಿ ಮೊದಲು ಮಾಡಿದ ಕಪ್ಪು ೩೫೦ ಮಿಲಿಲೀಟರಿಂದು, ಅಷ್ಟು ಚಹಾ ಧಾರವಾಡದಾಗ ಯಾರವಾ ಕುಡೀತಾರ? ನಾವು ಅರ್ಧರ್ಧ ಕಪ್ಪು ದಿನಕ್ಕ ಐದು ಸಲ ಕುಡಿಯೋ ಮಂದಿ. ೧೨೦ ಹಿಡಿಯೋ ಹಂಗ ಮಾಡು, ತುಟಿ ತೆಳ್ಳಗಿರಲಿ, ಕೈಬೆರಳು ನೋಯೋವ್ರೂ ಎತ್ತೋ ಹಂಗ ಹಗುರ ಇರಲಿ, ಭಾಂಡಿ ತೊಳಿಯೋಕಿ ಕೈ ಒಳಗ ಹೋಗಬೇಕು ಅಂತ ನಾನ ಹೇಳಿದ್ದು. ಅಕಿ ಬರಕೊಂಡ್ಲು. ಸಾರಿನ ವಾಟಗದ ತುಟಿ ಮೂರು ಸಲ ತಿದ್ದಿದ್ಲು, ಹನಿ ಹೊರಗ ಇಳೀಬಾರದು ಅಂತ. ನೀವೂ ಹೇಳ್ರಿ. "ಹಿಡಿಕಿ ಸಣ್ಣ ಆಗೇದ" ಅಂತ ಅನ್ರಿ, "ಭಾರ ಆಗೇದ" ಅಂತ ಅನ್ರಿ, ಅಕಿ ನಗಕೋತ ಕೇಳ್ತಾಳ. ಆದ್ರ ಅದನ್ನ ಹೇಳಬೇಕಂದ್ರ ಮೊದಲು ಅದರಾಗ ಚಹಾ ಕುಡದಿರಬೇಕು. ಶೋಕೇಸಿನ್ಯಾಗ ಇಟ್ಟಾಕಿಗೆ ಏನ ಗೊತ್ತಾಗ್ತದ?

ಹವ್ಯಾಸ ಅಂತ ಒಂದು ಮಾತು ಅಂದ್ರಿ ಆವತ್ತ. "ಮದುವಿ ಆಗೋ ತನಕ ಹವ್ಯಾಸ ಛೊಲೊ ಅದ." ಭಟ್ಟಿ ಸಾಲಾ ತೀರಸ್ತಾಳ, ರಾತ್ರಿ ಎರಡಕ್ಕ ಎದ್ದು ಮೀಟರ್ ನೋಡ್ತಾಳ, ಅಂಗೈ ಉಸುಕು ಕಾಗದ ಆಗ್ಯಾವ. ಹವ್ಯಾಸ ಅಂತ. ಗಂಡಮಗ ಹುಬ್ಬಳ್ಳ್ಯಾಗ ಮೊಬೈಲ್ ಕವರ್ ಮಾರೋ ಅಂಗಡಿ ಇಟ್ರ ಅದು ಬಿಸಿನೆಸ್ಸು. ಬರೋ ಸಂಬಂಧದವರಿಗೆ ನನ್ನ ತಂಗಿ ಈಗ ಸೀದಾ ಹೇಳ್ತಾಳ: ಹುಡುಗಿ ಜೋಡಿ ಭಟ್ಟೀನೂ ಬರ್ತದ, ಮೂರು ಫೇಸ್ ಕರೆಂಟ್ ಇದ್ದ ಮನಿ ಬೇಕು. ಇಬ್ಬರು ಎದ್ದು ಹೋಗ್ಯಾರ. ಹೋಗಲಿ.

ತಗೊಂಡವರು ಇಷ್ಟು ತಿಳಕೋರಿ. ಗ್ಯಾಸಿನ ಮ್ಯಾಲೆ ಇಡಬ್ಯಾಡ್ರಿ, ಬಿರೀತದ, ಅದು ಬಡಸೋ ಸಾಮಾನ. ಫ್ರಿಜ್ಜಿನಿಂದ ತಗದ ವಾಟಗಕ್ಕ ಕುದಿಯೋ ಸಾರು ಸುರವಬ್ಯಾಡ್ರಿ. ತಿಕ್ಕಲಿಕ್ಕೆ ತಂತಿ ಜುಂಜು ಬ್ಯಾಡ, ನಾರು ಸಾಕು. ಅಂಚು ಚಕ್ಕಿ ಹಾರಿದ್ರ ಅದರಾಗ ಊಟ ಬ್ಯಾಡ, ತುಳಸಿ ಸಸಿ ಹಚ್ಚರಿ.

ಬರೋ ಭಾನುವಾರ ಮಧ್ಯಾಹ್ನ ಮೂರಕ್ಕ ಭಟ್ಟಿ ಬಾಗಲಾ ತಗೀತಾಳ. ಸಣ್ಣ ಚಹಾದ ಕಪ್ಪು, ಬೂದಿ ಗ್ಲೇಜಿನ ವಾಟಗಾ, ಅರ್ಧಾ ಕಿಲೋದ ಭರಣಿ ಇರ್ತಾವ, ಎಷ್ಟು ಉಳದಾವ ಅನ್ನೋದು ಬಾಗಲಾ ತಗದ ಮ್ಯಾಲೆ ಗೊತ್ತಾಗ್ತದ. ಬರೋವ್ರು ಬರ್ರಿ, ಅವಲಕ್ಕಿ ಚಹಾ ನಾ ಮಾಡ್ತೀನಿ, ಅಕಿ ಕಪ್ಪಿನ್ಯಾಗನ ಕೊಡ್ತೀನಿ. ಚೀಲಾ ತರ್ರಿ, ಸುತ್ತಲಿಕ್ಕೆ ಹಳೇ ಪೇಪರ್ ತರ್ರಿ. ರೊಕ್ಕಾ ಪೂರ್ತಿ ತರ್ರಿ.